ಕತ್ತರಿಯ ಹಿರಿತನ

ದರ್ಜಿ ಮೋನಪ್ಪನ ಮೇಜಿಗೆ ದೊಗಳೆ ಸ್ವೆಟರೊಂದು ಮೈ ಚಿಕ್ಕದು ಮಾಡಿಸಿಕೊಳ್ಳಲು ಬಂತು. ಕತ್ತರಿ ಕೂಡಲೇ ಬಾಯಿ ತೆರೆಯಿತು.

“ತಡಿಯಯ್ಯ!” ಎಂದು ಸೂಜಿ ಸಿಡುಕಿತು. “ಇದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಕತ್ತರಿಸಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಮೊದಲು ನಾನು ಮೋನಪ್ಪ ಹಾಕಿದ ಗುರುತಿನ ಮೇಲೆ ಎರಡು ಸಾಲು ಹೊಲಿಗೆ ಹಾಕುತ್ತೇನೆ. ಆಮೇಲೆ ನೀನು ಹೊಲಿಗೆಯ ಆಚೆಗಿನದನ್ನು ಕತ್ತರಿಸು.”

ಕತ್ತರಿ ಕೆರಳಿತು. “ಈ ಅಂಗಡಿಯಲ್ಲಿ ನನಗಿಂತ ಮೊದಲು ನೀನು ಯಾವ ಬಟ್ಟೆಯನ್ನಾದರೂ ಮುಟ್ಟಿದ್ದುಂಟೇ? ನಾನು ಕತ್ತರಿಸಿದ ಮೇಲೆ ನೀನು ಹೊಲಿಯಬೇಕು. ಬೆರಳುದ್ದವೂ ಇಲ್ಲದವಳು ನನಗೆ ಪಾಠ ಹೇಳುತ್ತೀಯಾ?”

“ಮೈ ನನ್ನದು!” ಎಂದು ಸ್ವೆಟರ್ ಗದರಿತು. “ಸೂಜಿಯೇ ಮೊದಲು ಬರಲಿ.”

“ನಿನ್ನನ್ನು ಕೇಳಿದವರು ಯಾರು?” ಎನ್ನುತ್ತಾ ಕತ್ತರಿ ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಸರ್ರನೆ ಕತ್ತರಿಸಿಬಿಟ್ಟಿತು. ಹೆಣಿಗೆಯ ಕುಣಿಕೆಗಳು ಒಂದರ ಹಿಂದೊಂದು ಜಾರಿದವು. ಮೇಜಿನ ತುಂಬ ಉಣ್ಣೆ ಎಳೆ ಹರಡಿತು.

ಕತ್ತರಿ ಬೆದರಿತು. “ಸೂಜೀ, ಬೇಗ ಹೊಲಿ!”

“ಏನನ್ನು ಹೊಲಿಯಲಿ? ಹಿಡಿಯಲು ಅಂಚೇ ಇಲ್ಲ.”

“ಏನೇ ಆಗಲಿ, ಪದ್ಧತಿಯಂತೆ ನಾನೇ ಮೊದಲು...” ಎಂದು ಕತ್ತರಿ ಗೊಣಗಿತು.

“ಹೌದು, ನೀನೇ ಮೊದಲು,” ಎಂದಿತು ಸ್ವೆಟರ್. “ನಿನ್ನ ಹಿರಿತನದ ಒಂದೆಳೆಯೂ ಬಿಚ್ಚಿಲ್ಲ. ಬಿಚ್ಚಿಹೋದದ್ದು ನಾನು.”