ಮಣ್ಣೂರರ ಮನೆಯ ಗುರುವಾರ

ಸಂಗನಬಸವ ಹಿರೇಕೊಪ್ಪ ಮೂವತ್ತಾರು ವರ್ಷ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಕಲಿಸಿದರು. ಸ್ವಂತದ್ದೆಂದು ಒಂದು ಪುಸ್ತಕವನ್ನೂ ಬರೆಯಲಿಲ್ಲ.

ಆದರೆ ನಾಡಿನ ದೊಡ್ಡ ಕವಿಗಳು, ಕಾದಂಬರಿಕಾರರು ತಮ್ಮ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಮಲಪ್ರಭೆಯ ದಂಡೆಯ ಅವರ ಮನೆಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಕೂತು ಅವರಿಗೆ ಓದಿ ಹೇಳಿ ಹೋಗುತ್ತಿದ್ದರು.

ಗುರುಗಳಿಗೆ ಎಪ್ಪತ್ತೆಂಟು ತುಂಬಿದ ವರ್ಷ ಅವರ ಜೀವನಚರಿತ್ರೆ ಬರೆಯಲು ಶಿಷ್ಯೆ ದಾಕ್ಷಾಯಣಿ ತಡಕೋಡ ಹೊರಟಳು. ಅವಳೂ ಈಗ ಅದೇ ಕಾಲೇಜಿನಲ್ಲಿ ಕಲಿಸುತ್ತಿದ್ದಳು. ಯಾರು ಯಾವ ವರ್ಷ ಬಂದರು, ಏನು ಓದಿದರು, ಎಲ್ಲ ಕಲೆಹಾಕಿದಳು. ಒಂದು ಮಾತ್ರ ಸಿಗಲಿಲ್ಲ.

"ಅವರು ಓದಿ ಮುಗಿಸಿದ ಮ್ಯಾಲ ನೀವು ಏನ್ ಹೇಳತಿದ್ರಿ, ಸರ್?"

"ಊಟಕ್ಕ ಏಳ್ರಿ ಅಂತಿದ್ದೆ."

ಅವಳು ನಗಲಿಲ್ಲ. ಗುರುಗಳೂ ನಗಲಿಲ್ಲ. ಬರುವ ಗುರುವಾರ ತಮ್ಮ ಜೊತೆ ಬಾ ಎಂದಷ್ಟೇ ಹೇಳಿದರು.

ಗುರುವಾರ ಇಬ್ಬರೂ ಸೇತುವೆ ದಾಟಿ ಆಚೆ ದಂಡೆಗೆ ಹೋದರು. ಅಲ್ಲಿ ಕವಿ ವಾಮನ ಮಣ್ಣೂರರು ತಮ್ಮ ಮಗಳು ಸುಮಿತ್ರಾಳ ಮನೆಯಲ್ಲಿ ಇದ್ದರು. ಗುರುಗಳಿಗೆ ಐವತ್ತು ವರ್ಷದ ಗೆಳೆಯ. ಎರಡು ವರ್ಷದಿಂದ ನೆನಪು ಹೋಗಿತ್ತು. ಮಗಳ ಹೆಸರೂ ಬಾಯಿಗೆ ಬರುತ್ತಿರಲಿಲ್ಲ.

ಗುರುಗಳು ಅವರ ಮಂಚದ ಎದುರಿಗೆ ಕೂತು, ಮಣ್ಣೂರರದೇ ಸಂಕಲನ ತೆಗೆದು ನಿಧಾನವಾಗಿ ಓದಿದರು. ಕವಿ ಕಣ್ಣು ಮುಚ್ಚಿ ಕೇಳಿದರು.

"ಹೊಳೆಗೆ ಹೆಸರಿಟ್ಟವರು ಯಾರೋ, ಅದು ನಿಂತು ಕೇಳಲಿಲ್ಲ" ಎಂಬ ಸಾಲು ಬಂದಾಗ ಕವಿ ಕೈ ಎತ್ತಿ ತಡೆದರು.

"'ನಿಂತು' ಬ್ಯಾಡ. ಹೊಳಿ ನಿಲ್ಲೂದಿಲ್ಲ ಅಂತ ಎಲ್ಲಾರಿಗೂ ಗೊತ್ತದ. ಯಾರು ಬರದದ್ದು ಇದು?"

"ನನ್ನ ಗೆಳೆಯಾ ಒಬ್ಬಾಂವ. ಹೇಳ್ತೀನಿ ಅವಗ."

"ಹುಡುಗ ಛಲೋ ಬರೀತಾನ. ಅವಸರ ಭಾಳ."

ಗುರುಗಳು ಪೆನ್ಸಿಲ್ ತೆಗೆದು ಆ ಶಬ್ದದ ಕೆಳಗೆ ಸಣ್ಣ ಗೀಟು ಹಾಕಿದರು.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಆ ಸಾಲನ್ನು ಅವಳು ಹತ್ತು ವರ್ಷ ಪಾಠ ಮಾಡಿದ್ದಳು. ಬರೆದವರಿಗೇ ಅದು ಯಾರದೋ ಆಗಿರುವುದು ಅವಳಿಗೆ ಅನ್ಯಾಯವೆನಿಸಿತು. ಪುಸ್ತಕ ತೆಗೆದುಕೊಂಡು ಹಿಂದಿನ ರಕ್ಷಾಪುಟದ ಭಾವಚಿತ್ರ ಕವಿಗೆ ತೋರಿಸಿದಳು.

"ಇದು ನಿಮ್ಮದ ಕವಿತಾ, ಸರ್. ನೀವ ಬರದೀರಿ."

ಮಣ್ಣೂರರು ಚಿತ್ರ ನೋಡಿದರು. ತಮ್ಮ ಕೈ ನೋಡಿಕೊಂಡರು.

"ನಂದಾ? ನಂದಾದ್ರ ನನಗ್ಯಾಕ ಗೊತ್ತಿಲ್ಲ?" ಅವರ ದನಿ ಚಿಕ್ಕದಾಯಿತು. "ನನ್ನ ಕಡಿಂದ ಮತ್ತೇನೇನು ಕಸಗೊಂಡೀರಿ?"

ಅವರು ದೂಡಿದ ಪುಸ್ತಕ ನೆಲಕ್ಕೆ ಬಿತ್ತು. ಕವಿ ಗೋಡೆಯ ಕಡೆ ಹೊರಳಿ ಮಲಗಿದರು. ಸುಮಿತ್ರಾ ಎಷ್ಟು ಕರೆದರೂ ತಿರುಗಲಿಲ್ಲ.

ಗುರುಗಳು ಪುಸ್ತಕ ಎತ್ತಿ ಚೀಲಕ್ಕೆ ಹಾಕಿಕೊಂಡರು. ಗೆಳೆಯನಿಗೆ ನಿದ್ದೆ ಹತ್ತುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಎದ್ದರು.

ಸೇತುವೆಯ ಮೇಲೆ ದಾಕ್ಷಾಯಣಿ ಅತ್ತಳು. ತಾನು ಸುಳ್ಳೇನೂ ಹೇಳಲಿಲ್ಲವಲ್ಲ ಎಂದಳು.

"ಖರೇನ ಹೇಳಿದಿ," ಅಂದರು ಗುರುಗಳು. ನಾಲ್ಕು ಹೆಜ್ಜೆ ನಡೆದ ಮೇಲೆ ಕೇಳಿದರು: "ಯಾರ ಸಲುವಾಗಿ ಹೇಳಿದಿ?"

ಆ ವಾರ ಜೀವನಚರಿತ್ರೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಕವಿ ಎರಡು ದಿನ ಊಟ ಮುಟ್ಟಲಿಲ್ಲವೆಂದು ಸುಮಿತ್ರಾ ಫೋನಿನಲ್ಲಿ ಹೇಳಿದಾಗ ಅವಳಿಗೂ ತುತ್ತು ಇಳಿಯಲಿಲ್ಲ.

ಮುಂದಿನ ಗುರುವಾರ ತಾನು ಬರುವುದಿಲ್ಲವೆಂದಳು. ಗುರುಗಳು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತೇ ಇದ್ದರು. ಕೊನೆಗೆ ಅವಳು ಹೊರಟಳು. ಈ ಸಲ ಗುರುಗಳು ಪುಸ್ತಕ ತಂದಿರಲಿಲ್ಲ.

ಮಣ್ಣೂರರು ಮಂಚದ ಮೇಲೆ ಕೂತಿದ್ದರು. ಹೋದ ವಾರದ್ದು ಅವರಿಗೆ ನೆನಪಿರಲಿಲ್ಲ. ಮುಖದ ಮೇಲೆ ಅಂಜಿಕೆ ಮಾತ್ರ ಉಳಿದಿತ್ತು.

"ಯಾರು ನೀವು? ಏನ್ ತಂದೀರಿ?"

"ಏನೂ ತಂದಿಲ್ಲ. ಸುಮ್ಮನ ಕೂಡಾಕ ಬಂದೀವಿ."

ಕೂತರು. ಸುಮಿತ್ರಾ ಚಹ ತಂದಿಟ್ಟಳು, ಅದು ಆರಿತು. ಕಿಟಕಿಯ ಬಿಸಿಲು ಮಂಚದಿಂದ ಇಳಿದು ನೆಲಕ್ಕೆ ಬಂತು. ದಾಕ್ಷಾಯಣಿಗೆ ಹತ್ತು ಸಲ ಮಾತಾಡಬೇಕೆನಿಸಿತು. ಗುರುಗಳು ಅಲುಗಾಡಲಿಲ್ಲ. ಅವರ ಕಣ್ಣು ಗೆಳೆಯನ ಮುಖದ ಮೇಲೇ ಇತ್ತು.

ಬಹಳ ಹೊತ್ತಿನ ಮೇಲೆ ಮಣ್ಣೂರರು ತಾವಾಗಿಯೇ ಬಾಯಿ ಬಿಟ್ಟರು.

"ನಮ್ಮ ಹಿತ್ತಲದಾಗ ಬಾವಿ ಇತ್ತು. ಅದರಾಗ ನೀರು ಇರ್ಲಿಲ್ಲ. ಆಕಾಶ ಇತ್ತು. ಅವ್ವ ಅದಕ್ಕ ಹಗ್ಗಾ ಬಿಟ್ಟು ಜಗ್ಗತಿದ್ಲು. ಮ್ಯಾಲ ಬರೂದ್ರಾಗ ಅದು ನೀರಾಗಿರತಿತ್ತು."

ಅವರ ಯಾವ ಸಂಕಲನದಲ್ಲೂ ಈ ಮಾತಿರಲಿಲ್ಲ. ದಾಕ್ಷಾಯಣಿ ಸದ್ದಾಗದಂತೆ ಚೀಲಕ್ಕೆ ಕೈ ಹಾಕಿ ಪೆನ್ನು ತೆಗೆದಳು.

ಗುರುಗಳು ಗೆಳೆಯನಿಂದ ಕಣ್ಣು ತೆಗೆಯದೆ ಅವಳ ಕೈಯ ಮೇಲೆ ಕೈ ಇಟ್ಟರು.

"ಬರಕೊಳ್ಳದಿದ್ರ ಹೋಗೇ ಬಿಡ್ತದ, ಸರ್," ಎಂದು ಅವಳು ಪಿಸುಗುಟ್ಟಿದಳು.

"ಅಂವ ಕವಿತಾ ಹೇಳಾಕತ್ತಿಲ್ಲ, ದಾಕ್ಷಾಯಣಿ. ಅವ್ವನ್ನ ನೆನಸಾಕತ್ತಾನ. ಕೇಳು."