ಎಟುಕದ ಕಲ್ಲು

ಬೇವಿನಪಾಳ್ಯದ ಹಳ್ಳ ದಾಟಿ ಬಸ್ಸು ನಿಂತಾಗ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಗುಡಿಯ ಶಿಲುಬೆಯಲ್ಲ, ದಿಣ್ಣೆಯ ಮೇಲಿನ ಒಂದು ಕಲ್ಲು. ಎರಡು ಉದ್ದನೆಯ ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಅಷ್ಟೇ. ಜನ ತಲೆಹೊರೆ ಹೊತ್ತು ಸಂತೆಗೆ ನಡೆಯುತ್ತಿದ್ದ ಕಾಲದಲ್ಲಿ ಇಂಥ ಹೊರೆಗಲ್ಲುಗಳು ನಮ್ಮ ಸೀಮೆಯ ದಾರಿಗಳಲ್ಲಿ ಅಲ್ಲಲ್ಲಿ ಇದ್ದವು. ಹೊತ್ತವರು ಬಗ್ಗದೆ, ಯಾರನ್ನೂ ಕರೆಯದೆ, ತಲೆಯ ಮೇಲಿನದನ್ನು ಹಾಗೆಯೇ ಚಪ್ಪಡಿಗೆ ಸರಿಸಿ ಉಸಿರು ಬಿಡಬಹುದಿತ್ತು; ಮತ್ತೆ ಹೊರಡುವಾಗ ಅದಕ್ಕೇ ತಲೆ ಕೊಟ್ಟರೆ ಸಾಕು. ಆದರೆ ಬೇವಿನಪಾಳ್ಯದ ಕಲ್ಲು ಆ ಕೆಲಸಕ್ಕೆ ಬಾರದು. ಎತ್ತರದ ಆಳೊಬ್ಬ ನಿಂತರೂ ಚಪ್ಪಡಿ ಅವನ ನೆತ್ತಿಗಿಂತ ಮೇಲೆಯೇ ಉಳಿಯುತ್ತದೆ. ಹೊಸಬರು ಅದರ ಕೆಳಗೆ ನಿಂತು, ಕೈ ಚಾಚಿ ನೋಡಿ, ಇದನ್ನು ಕಟ್ಟಿದವನಿಗೆ ಬುದ್ಧಿ ಇರಲಿಲ್ಲವೇ ಎಂದು ನಗುತ್ತಾರೆ. ಆಗ ಇರಲಿಲ್ಲ, ಆಮೇಲೆ ಬಂತು ಎಂದು ಊರಿನ ಹಿರಿಯರು ಹೇಳುತ್ತಾರೆ. ಎಟುಕದ ಕಲ್ಲು ಎಂಬ ಹೆಸರು ಬಂದದ್ದು ಹೇಗೆಂದು ಕೇಳುವ ವ್ಯವಧಾನ ಇದ್ದವರನ್ನು ಕಟ್ಟೆಯ ಮೇಲೆ ಕೂರಿಸಿ ಮುಂದಿನದನ್ನೂ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳ್ಯದ ಗುಡಿ ಎಂದರೆ ಗರಿ ಹೊದಿಸಿದ ಒಂದು ಚಪ್ಪರವಾಗಿದ್ದ ಕಾಲದಲ್ಲಿ, ಇಲ್ಲಿ ಇನ್ನಾಸಪ್ಪ ಎಂಬ ಉಪದೇಶಿ ಇದ್ದನಂತೆ. ಪಾದ್ರಿಗಳು ಕುದುರೆ ಏರಿ ಊರೂರು ಸುತ್ತಿ ಇಲ್ಲಿಗೆ ಬರುತ್ತಿದ್ದುದು ಅಪರೂಪ. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸುವುದು, ಸಾಯುವವರ ತಲೆದೆಸೆಯಲ್ಲಿ ಕೂತು ಧೈರ್ಯ ಹೇಳುವುದು, ಎಲ್ಲವೂ ಉಪದೇಶಿಯ ಪಾಲಿಗೆ. ಇನ್ನಾಸಪ್ಪನ ಗಂಟಲು ದೊಡ್ಡದು, ಹೇಳುವ ವರಸೆಯೂ ಚೆನ್ನು. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿದ ಕತೆಯನ್ನು ಅವನು ಹೇಳತೊಡಗಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಸ್ವರ ಚಪ್ಪರ ದಾಟಿ, ಹಳ್ಳ ದಾಟಿ, ಆಚೆ ದಡದ ಒಂಟಿ ಗುಡಿಸಲಿನವರೆಗೂ ಹೋಗುತ್ತಿತ್ತು. ಆ ಗುಡಿಸಲಿನಲ್ಲಿ ದೊಡ್ಡ ರೋಗ ಬಂದ ಹೆಂಗಸೊಬ್ಬಳಿದ್ದಳು. ಹೆಸರು ಮದಲಮ್ಮ. ಉಪದೇಶಿಯ ಒಡಹುಟ್ಟಿದ ಅಕ್ಕ.

ಅವರ ತಾಯಿ ಇನ್ನಾಸಪ್ಪ ಎದೆಹಾಲು ಬಿಡುವ ಮೊದಲೇ ತೀರಿಕೊಂಡಿದ್ದಳು. ಸಾಕಿದವಳು ಅಕ್ಕನೇ. ಮದಲಮ್ಮ ಊರಿಗೇ ಎತ್ತರದ ಹೆಣ್ಣು. ಕೋಲು ಹಿಡಿಯದೆ ಹುಣಸೆಕಾಯಿ ಕೀಳುತ್ತಿದ್ದಳು ಎಂದು ಈಗಲೂ ಹೇಳುತ್ತಾರೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ದಾಟಿಸುತ್ತಿದ್ದಳು. ಮದುವೆಯಾಗಿ ಹೋದವಳು ಮೈಮೇಲೆ ಮಚ್ಚೆ ಎದ್ದು, ಬೆರಳು ಜೋಮು ಹಿಡಿದು ತವರಿಗೆ ಮರಳಿದಳು. ಊರು ಕೂಡಿ ಅವಳನ್ನು ಆಚೆ ದಡಕ್ಕೆ ಕಳಿಸುವುದೆಂದು ತೀರ್ಮಾನಿಸಿದಾಗ ಇನ್ನಾಸಪ್ಪ ಬೇಡ ಎನ್ನಲಿಲ್ಲ. ಗುಡಿಸಲು ತಾನೇ ಕಟ್ಟಿದ, ಅದಿರಲಿ. ದಿನಾ ಸಂಜೆ ಮುದ್ದೆ ಸಾರು ತಂದು ದಡದ ಹಾಸುಬಂಡೆಯ ಮೇಲಿಟ್ಟು, "ಅಕ್ಕಾ, ಊಟ" ಎಂದು ಕೂಗಿ, ಅವಳು ಹೊರಗೆ ಬರುವಷ್ಟರಲ್ಲಿ ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದ. ಒಂದು ದಿನವೂ ಊಟ ತಪ್ಪಿಸಲಿಲ್ಲ, ಒಂದು ದಿನವೂ ಮುಖ ನೋಡಲಿಲ್ಲ. ಅವನ ಹೆಂಡತಿ ಲೂಸಮ್ಮ ಬಾಯಿಬಡುಕಿ ಅಲ್ಲದಿದ್ದರೂ ಒಮ್ಮೊಮ್ಮೆ ತಡೆಯಲಾರದೆ, "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ" ಎಂದು ಪಾತ್ರೆ ಕುಕ್ಕುತ್ತಿದ್ದಳಂತೆ. ಇನ್ನಾಸಪ್ಪ ಕೆಟ್ಟವನಲ್ಲ. ಅವನಿಗೆ ಭಯವಿತ್ತು, ಮನೆ ತುಂಬ ಮಕ್ಕಳಿದ್ದವು. ಊರಿನಲ್ಲಿ ಭಯವಿಲ್ಲದವರು ಯಾರೂ ಇರಲಿಲ್ಲವಾದ್ದರಿಂದ ಅವನನ್ನು ಬಯ್ಯುವವರೂ ಇರಲಿಲ್ಲ.

ಹೀಗಿರುವಾಗ ಆ ವರ್ಷ, ಯೇಸುಸ್ವಾಮಿ ಸಾವಿನಿಂದೆದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ, ಪಾದ್ರಿಗಳು ಬಂದು, ಚಪ್ಪರ ಸಾಕು, ಗೋಡೆಯ ಗುಡಿ ಕಟ್ಟೋಣ ಎಂದರು. ಊರಿನ ಪ್ರತಿ ಮನೆಯೂ ಹಳ್ಳದಿಂದ ಒಂದು ಮಂಕರಿ ಮರಳನ್ನು ಸ್ವಂತ ತಲೆಯ ಮೇಲೆ ಹೊತ್ತು ದಿಣ್ಣೆಗೆ ತರಬೇಕು. ಹಾಗೆ ಹೊತ್ತ ಮನೆಗೆ ಗುಡಿಯೊಳಗೆ ನಿಲ್ಲುವ ಹಕ್ಕು, ಪಕ್ಕದ ಸಮಾಧಿ ಭೂಮಿಯಲ್ಲಿ ಮಲಗುವ ಹಕ್ಕು. ಪಾದ್ರಿಗಳು ಹೇಳಿದ್ದು ಇಷ್ಟು. ಅದಕ್ಕೆ ಊರಿನವರು ತಮ್ಮದೊಂದನ್ನು ಸೇರಿಸಿದರು: ಬಿದ್ದ ಹೊರೆ ದೇವರಿಗಲ್ಲ. ದಾರಿಯಲ್ಲಿ ನೆಲಕ್ಕೆ ಚೆಲ್ಲಿದ ಮರಳು ಗುಡಿಗೆ ಸಲ್ಲದು, ಆ ಮನೆಗೆ ಇನ್ನೊಂದು ಅವಕಾಶವೂ ಇಲ್ಲ. ಇನ್ನು ಹೊರೆ ಇಳಿಸುವ ಮಾತು ಬಂದರೆ ಪಾಳ್ಯದಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ ಇತ್ತು. ಹೊತ್ತವರು ಎದುರಾದರೆ ಯಾರೇ ಆಗಲಿ ಕೈಯಲ್ಲಿರುವ ಕೆಲಸ ಬಿಟ್ಟು ಇಳಿಸಿಕೊಡಬೇಕು. ಹೊರೆಗೆ ಕೈ ಹಾಕದವನ ಹೆಣಕ್ಕೆ ಹೆಗಲಿಲ್ಲ ಎನ್ನುವುದು ಈ ಊರಿನ ಗಾದೆ. ಜಗಳವಾಡಿ ಮಾತು ಬಿಟ್ಟವರೂ ಮುಖ ಆಚೆ ತಿರುಗಿಸಿಕೊಂಡಾದರೂ ಹೊರೆ ಇಳಿಸಿಕೊಡುತ್ತಿದ್ದರು.

ಒಂದು ಸಂಜೆ ಇನ್ನಾಸಪ್ಪ ಬಂಡೆಯ ಮೇಲೆ ಊಟವಿಟ್ಟು ತಿರುಗಿದಾಗ ಬೆನ್ನ ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ಇನ್ನಾಸೀ, ತಿರುಗಬೇಡ, ಅಲ್ಲೇ ನಿಂತು ಕೇಳು. ನಂದೂ ಒಂದು ಮನೆ ಕಣೋ. ಒಲೆ ಇದೆ, ಹೊಗೆ ಏಳುತ್ತೆ. ನಾನೂ ಒಂದು ಮಂಕರಿ ಹೊರ್ತೀನಿ ಅಂತ ಊರಿಗೆ ಹೇಳು. ಒಳಗೆ ನಿಲ್ಲೋ ಆಸೆ ಬಿಟ್ಟೆ. ಸತ್ತರೆ ಮಾತ್ರ ಇಲ್ಲಿ ನರಿ ಎಳೆಯೋ ಹಾಗೆ ಬಿಡಬೇಡಿ, ಅವ್ವನ ಪಕ್ಕ ಮಲಗಿಸಿ."

ಇನ್ನಾಸಪ್ಪ ತಿರುಗಲಿಲ್ಲ. ಆದರೆ ಆ ಮಾತು ಅವನನ್ನು ಮನೆಯವರೆಗೂ ಹಿಂಬಾಲಿಸಿತು. ಮರುದಿನ ಬೇವಿನ ಮರದ ಕೆಳಗೆ ಊರು ಕೂಡಿದಾಗ ಹೇಳಿಯೇ ಬಿಟ್ಟ. ಯಜಮಾನ ಸಂತ್ಯಾಗಪ್ಪ ಮೀಸೆ ನೀವಿಕೊಂಡು, "ಹೊರೋದು ಹೊರಲಿ ಬಿಡಪ್ಪ, ಬೇಡ ಅನ್ನೋಕೆ ನಾವ್ಯಾರು. ಇಳಿಸೋರು ಯಾರು, ಅದನ್ನ ಹೇಳು" ಎಂದ. ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ಅಂಗೈ ನೋಡಿಕೊಂಡರಂತೆ. ಮುಟ್ಟಿದರೆ ರೋಗದ ಭಯ, ಮುಟ್ಟದಿದ್ದರೆ ಗಾದೆಯ ಭಯ. ಆಗ ಇನ್ನಾಸಪ್ಪನಿಗೆ ಹೊರೆಗಲ್ಲಿನ ಯೋಚನೆ ಹೊಳೆಯಿತು. ದಿಣ್ಣೆಯ ಮೇಲೆ ಒಂದು ಕಲ್ಲು ನಿಲ್ಲಿಸಿದರೆ ಅಕ್ಕ ತಾನೇ ಹೊರೆ ಸರಿಸಿ ಹೋಗುತ್ತಾಳೆ; ಆಮೇಲೆ ತೀರ್ಥ ಚಿಮುಕಿಸಿ ಮಂಕರಿ ಇಳಿಸಿಕೊಂಡರಾಯಿತು. ಯಾರೂ ಯಾರನ್ನೂ ಮುಟ್ಟಬೇಕಿಲ್ಲ, ಕಟ್ಟಳೆಯೂ ಮುರಿಯುವುದಿಲ್ಲ. ಎಲ್ಲರ ಎದೆಯಿಂದ ದೊಡ್ಡ ಭಾರ ಇಳಿಯಿತು. ಉಪದೇಶಿಯ ತಲೆ ಎಂದರೆ ತಲೆ ಎಂದು ಹೊಗಳಿದರು, ಅವನೂ ಹಿಗ್ಗಿದ.

ಕಲ್ಲುಕುಟಿಗರು ಕಂಬದ ಎತ್ತರ ಎಷ್ಟಿರಬೇಕೆಂದು ಕೇಳಿದಾಗ ಇನ್ನಾಸಪ್ಪ ಕಣ್ಣು ಮುಚ್ಚಿಕೊಂಡು ನೆನೆದ. ಅವನಿಗೆ ಕಂಡದ್ದು ಹುಣಸೆಮರದ ಕೆಳಗೆ ನಿಂತ ಅಕ್ಕ, ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದವಳು. ತನ್ನ ನೆತ್ತಿಯ ಮೇಲೆ ಕೈ ಚಾಚಿ, "ಇಷ್ಟು" ಎಂದ. ಪಕ್ಕದಲ್ಲಿ ನಿಂತಿದ್ದ ಲೂಸಮ್ಮ, "ಒಂದ್ಸಲ ಹೋಗಿ ಅತ್ತಿಗೆಯನ್ನ ನೋಡ್ಕೊಂಡು ಬಂದು ಹೇಳಬಾರದಾ" ಎಂದಳು. "ನನ್ನಕ್ಕನ ಎತ್ತರ ನನಗೆ ಗೊತ್ತಿಲ್ವೇನೆ" ಎಂದು ಅವಳ ಮೇಲೆಯೇ ರೇಗಿದ. ಕಂಬ ನಿಂತಿತು, ಚಪ್ಪಡಿ ಏರಿತು.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನವಾದ ದೊಡ್ಡ ಗುರುವಾರದ ಬೆಳಿಗ್ಗೆ, ಎಲ್ಲ ಮನೆಗಳ ಹೊರೆ ಮುಗಿದ ಮೇಲೆ, ಮದಲಮ್ಮನಿಗೆ ಬರಲು ಹೇಳಿ ಕಳಿಸಿದರು. ಪಾದ್ರಿಗಳೂ ಬಂದಿದ್ದರು. ಜನ ದಾರಿ ಬಿಟ್ಟು ದೂರ ಸರಿದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ನಿಂತರು. ಅವಳು ದಡದ ಮೇಲೆ ಮಂಕರಿ ಇಟ್ಟು ತುಂಬಿ, ತಗ್ಗಿನಲ್ಲಿ ನಿಂತು ಅದಕ್ಕೆ ತಲೆ ಕೊಟ್ಟು ಎತ್ತಿಕೊಂಡಿದ್ದಳು. ಮುಂಗೈಗಳಿಂದ ಮಂಕರಿಯನ್ನು ಒತ್ತಿ ಹಿಡಿದು, ಬಟ್ಟೆ ಸುತ್ತಿದ ಪಾದಗಳನ್ನು ಒಂದೊಂದಾಗಿ ಊರಿಕೊಂಡು ದಿಣ್ಣೆ ಹತ್ತಿದಳು. ದೂರದಿಂದ ನೋಡಿದ ಇನ್ನಾಸಪ್ಪ ಯಾರೋ ಬೇರೆ ಮುದುಕಿ ಎಂದುಕೊಂಡ. ರೋಗ ಅವಳ ಬೆನ್ನನ್ನು ಬಗ್ಗಿಸಿತ್ತು, ಮೊಣಕಾಲು ಮಡಿಸಿತ್ತು, ಕೈಕಾಲುಗಳ ಬೆರಳುಗಳನ್ನು ತಿಂದಿತ್ತು. ಅವಳು ಕಲ್ಲಿನ ಕೆಳಗೆ ಬಂದು ನಿಂತಾಗ ಮಂಕರಿಯ ಅಂಚಿಗೂ ಚಪ್ಪಡಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರವಿತ್ತು.

ಮದಲಮ್ಮ ಮೇಲೆ ನೋಡಲಾರಳು, ತಲೆಯ ಮೇಲೆ ಹೊರೆ ಇದೆ. ಮುಂಗೈಯಿಂದ ತಡಕಿದಳು, ಕಲ್ಲು ಸಿಗಲಿಲ್ಲ. ತುದಿಗಾಲಲ್ಲಿ ನಿಲ್ಲಲು ನೋಡಿದಳು, ನಿಲ್ಲಲು ತುದಿಯೇ ಇರಲಿಲ್ಲ. ಮಂಕರಿ ಒಂದು ಕಡೆ ವಾಲಿ, ಅಂಚಿನಿಂದ ಮರಳು ಸಣ್ಣಗೆ ಸುರಿದು ಅವಳ ಭುಜದ ಮೇಲೆ ನಿಂತಿತು. ಇನ್ನೂ ನೆಲ ಮುಟ್ಟಿರಲಿಲ್ಲ. ಪಾದ್ರಿಗಳು ತಡೆಯಲಾರದೆ ಮುಂದೆ ಹೆಜ್ಜೆ ಇಟ್ಟರು. ಅವಳು ಆ ಬೂಟಿನ ಸದ್ದು ಗುರುತಿಸಿ, "ಬೇಡ ಸ್ವಾಮಿ, ನೀವು ಅಲ್ಲೇ ನಿಂತ್ಕೊಳ್ಳಿ. ಇದು ಊರಿನ ಹೊರೆ" ಎಂದಳು. ಅವರು ನಿಂತರು. ಆಮೇಲೆ ಅವಳು ತಮ್ಮನನ್ನು ಕರೆದಳು. ಚುಚ್ಚಬೇಕೆಂದು ಕರೆಯಲಿಲ್ಲ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು ಅಷ್ಟೇ ಎನ್ನುತ್ತಾರೆ.

"ಇನ್ನಾಸೀ, ನೀನು ಹೇಳೋ ಕತೆ ನನಗೆ ಅರ್ಧ ಕೇಳುತ್ತೆ, ಇನ್ನರ್ಧ ಗಾಳಿ ತಿಂದುಬಿಡುತ್ತೆ. ಆ ರೋಗಿಯನ್ನ ಯೇಸುಸ್ವಾಮಿ ವಾಸಿ ಮಾಡಿ ಆಮೇಲೆ ಮುಟ್ಟಿದರಾ, ಮುಟ್ಟಿ ಆಮೇಲೆ ವಾಸಿ ಮಾಡಿದರಾ?"

ಇನ್ನಾಸಪ್ಪನಿಗೆ ಉತ್ತರ ಗೊತ್ತಿತ್ತು. ಎಷ್ಟೋ ಸಲ ಹೇಳಿದ್ದ, ಹೇಳುತ್ತಾ ಅಳಿಸಿದ್ದ, ಆದರೆ ಯಾವುದು ಮೊದಲು ಎಂದು ಒಂದು ಸಲವೂ ನಿಂತು ನೋಡಿರಲಿಲ್ಲ. ಮಕ್ಕಳಿಗೆ ಪಾಠ ಒಪ್ಪಿಸುವ ಅದೇ ದೊಡ್ಡ ಗಂಟಲಿನಲ್ಲಿ, "ಮೊದಲು ಮುಟ್ಟಿದರು ಅಕ್ಕಾ" ಎಂದ. ಹೇಳಿ ಮುಗಿಯುವಷ್ಟರಲ್ಲಿ ಅವನ ಕಾಲು ನಡೆಯತೊಡಗಿತ್ತು. ಲೂಸಮ್ಮ ಮಕ್ಕಳನ್ನು ಮಡಿಲಿಗೆ ಎಳೆದುಕೊಂಡಳು, ಆದರೆ ಗಂಡನನ್ನು ತಡೆಯಲಿಲ್ಲ. ಅವನು ಹೋಗಿ ಬೆರಳಿಲ್ಲದ ಆ ಕೈಗಳ ಮೇಲೆಯೇ ತನ್ನ ಕೈ ಇಟ್ಟು ಮಂಕರಿಯನ್ನು ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ಇಳಿಸಿದರು. ಅವಳ ಭುಜದ ಮೇಲೆ ನಿಂತಿದ್ದ ಮರಳನ್ನೂ ಅಂಗೈಯಲ್ಲಿ ಬಳಿದು ಮಂಕರಿಗೆ ಹಾಕಿದ. ಆಮೇಲೆ ಅವಳ ಮುಖ ನೋಡಿದ. ಅವಳ ತಲೆ ಅವನ ಎದೆಯ ಮಟ್ಟಕ್ಕೆ ಬರುತ್ತಿತ್ತು.

"ಇಷ್ಟು ಗಿಡ್ಡ ಯಾವಾಗ ಆದೆ ಅಕ್ಕಾ?"

"ನಿಧಾನಕ್ಕೆ ಆದೆ ಕಣೋ. ನೀನು ನೋಡಲಿಲ್ಲ."

ಉಪದೇಶಿ ಅಲ್ಲಿಯೇ ಕುಸಿದು ಕೂತು ಗೊಳೋ ಎಂದು ಅತ್ತ. ಅವಳ ಮಂಕರಿಯ ಮರಳನ್ನು ಊರಿನ ರಾಶಿಗೆ ಸುರಿದರು. ಸುರಿದ ಮೇಲೆ ಯಾವುದು ಯಾರದೆಂದು ಬೇರ್ಪಡಿಸಲು ಯಾರಿಂದಾದೀತು. ಅಂದಿನಿಂದ ಊರೆಲ್ಲ ಸಂತರಾದರು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಇನ್ನಾಸಪ್ಪನ ಮನೆಯ ನೀರು ಬೇಡ ಎಂದವರಿದ್ದರು, ಮಕ್ಕಳನ್ನು ಜಪಕ್ಕೆ ಕಳಿಸದೆ ಇದ್ದವರೂ ಇದ್ದರು. ಅವನಿಗೂ ರೋಗ ತಗುಲಿತು ಎಂದು ಕೆಲವರು, ಏನೂ ಆಗಲಿಲ್ಲ ಎಂದು ಕೆಲವರು ಹೇಳುತ್ತಾರೆ. ಅವನು ಸಂಜೆಯ ಊಟವನ್ನು ಬಂಡೆಯ ಮೇಲೆ ಇಡುವುದನ್ನು ಬಿಟ್ಟು, ಗುಡಿಸಲಿನೊಳಗೆ ಅಕ್ಕನ ಎದುರು ಕೂತು ಉಣ್ಣತೊಡಗಿದ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಪಾಸ್ಕ ಹಬ್ಬ ಕಳೆದ ಮೇಲೆ ಸಂತ್ಯಾಗಪ್ಪ ಕಲ್ಲುಕುಟಿಗರನ್ನು ಕರೆಸಿ, ಅಳತೆ ತಪ್ಪಿದ ಕಂಬಗಳನ್ನು ಕಡಿಸಿ ತಗ್ಗಿಸಲು ಹೊರಟ. ಇನ್ನಾಸಪ್ಪ ಅಡ್ಡ ನಿಂತ. "ಹಾಗೇ ಇರಲಿ ಯಜಮಾನ್ರೇ. ಮುಟ್ಟೋದು ತಪ್ಪಿಸೋಕೆ ಇದನ್ನ ನಿಲ್ಲಿಸಿದೆ. ಯಾರ ಕೈಗೂ ಎಟುಕದೆ ಇದ್ದರೆ ಇನ್ನೊಬ್ಬರನ್ನ ಕರೀಲೇಬೇಕಲ್ಲ" ಎಂದನಂತೆ. ಕೆಲವು ವರ್ಷದ ಮೇಲೆ ಮದಲಮ್ಮ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಸಂತ್ಯಾಗಪ್ಪನೂ ಒಬ್ಬ. ಅವಳನ್ನು ಅವಳ ಅವ್ವನ ಪಕ್ಕದಲ್ಲಿಯೇ ಮಲಗಿಸಿದರು.

ಈಚೆಗೆ ಪಂಚಾಯಿತಿಯವರು ಕಲ್ಲಿನ ಬುಡದಲ್ಲಿ ಒಂದು ಮೆಟ್ಟಿಲು ಕಟ್ಟಿಸಿದ್ದರು, ಪಾಪ, ಒಳ್ಳೆಯದಾಗಲೆಂದೇ. ಊರಿನ ಹೆಂಗಸರು ಅದನ್ನು ಕಿತ್ತು ಬೇವಿನ ಮರದ ಕೆಳಗೆ ಹಾಕಿಕೊಂಡು ಈಗ ಅದರ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ದೊಡ್ಡ ಗುರುವಾರ ಬಂದರೆ ಪ್ರತಿ ಮನೆಯಿಂದಲೂ ಒಬ್ಬರು ಮರಳು ಹೊತ್ತು ದಿಣ್ಣೆಗೆ ಬರುವ ಪದ್ಧತಿ ಇನ್ನೂ ಇದೆ. ಹೊತ್ತವರು ಕಲ್ಲಿನ ಕೆಳಗೆ ನಿಂತು, ಹೆಸರು ಹಿಡಿಯದೆ, "ಯಾರಾದ್ರೂ ಬನ್ನಿ" ಎಂದು ಕೂಗಬೇಕು. ಮೊದಲು ಕೇಳಿಸಿಕೊಂಡವರು, ಅವರು ಯಾವ ಜಾತಿಯವರಾಗಲಿ, ನೋಡಲು ಬಂದ ಪರಸ್ಥಳದವರೇ ಆಗಲಿ, ಹೋಗಿ ಇಳಿಸಿಕೊಡಬೇಕು. ನೀವು ಹೋದರೆ ನಿಮ್ಮನ್ನೂ ಕರೆದಾರು, ತಯಾರಾಗಿರಿ. ಹತ್ತಿರ ಹೋಗಿ ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕಲ್ಲಿನ ಬುಡದ ನೆಲ ಎದುರುಬದುರು ನಿಂತವರ ಪಾದಗಳಿಂದ ಸವೆದು ಎರಡು ಕಡೆ ಗುಳಿ ಬಿದ್ದಿದೆ. ಏಣಿ ಹಾಕಿ ಚಪ್ಪಡಿಯ ಮೇಲ್ಭಾಗವನ್ನು ಮುಟ್ಟಿ ನೋಡಿದವರು ಅದು ಉಳಿ ಬಿಟ್ಟ ದಿನದಷ್ಟೇ ಒರಟಾಗಿದೆ ಎನ್ನುತ್ತಾರೆ. ಅದರ ಮೇಲೆ ಈವರೆಗೆ ಯಾರೂ ಹೊರೆ ಇಳಿಸಿಲ್ಲ.