ಒಲೆಗೆ ಮುಖ ಮಾಡಿ ಬಾರಿಸಿದ ಮೇಳ

ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆಯ ದಂಡೆಗೆ ಒಂದೂರಿತ್ತಂತೆ. ಆ ಊರಿನಲ್ಲಿ ಗಾಣದ ಎಣ್ಣೆ ತೆಗೆಯುವ ಈರಸಂಗಪ್ಪ, ಅವನ ಹೆಂಡತಿ ಹೊನ್ನವ್ವ ಇದ್ದರಂತೆ. ಊರಿಗೊಂದು ಕರಡಿ ಮಜಲಿನ ಮೇಳವೂ ಇತ್ತು. ಕರಡಿಯೆಂದರೆ ಕೊರಳಿಗೆ ಹಾಕಿಕೊಂಡು ಬಾರಿಸುವ ಚರ್ಮವಾದ್ಯ. ಜೊತೆಗೆ ತಾಳ, ಶಹನಾಯಿ. ನಿಧಾನವಾಗಿ ಶುರುವಾಗಿ ಗತಿ ಏರುತ್ತ ಹೋಗಿ ಮುಗಿಯುವ ಒಂದು ಸುತ್ತಿನ ಬಾರಿಸುವಿಕೆಯೇ ಮಜಲು.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಗಾಣ ನಿಂತಿರುತ್ತಿತ್ತು, ಅಂಗಳ ಖಾಲಿ ಇರುತ್ತಿತ್ತು. ಹಾಗಾಗಿ ಮೇಳದವರು ಅಂದು ಸಂಜೆ ಅಲ್ಲಿಯೇ ಕೂಡಿ ಬಾರಿಸುತ್ತಿದ್ದರು. ದೀಪಕ್ಕೆ ಎಣ್ಣೆ ಆ ಮನೆಯದು, ಕರಡಿಗೆ ಹೊಸ ಚರ್ಮ ಆ ಮನೆಯದು, ಬಾರಿಸಿ ಹಸಿದವರಿಗೆ ರೊಟ್ಟಿ ಆ ಮನೆಯದು. ಕುಸುಬೆ ಸರಿಯಾಗಿ ಬೆಳೆಯದ ವರ್ಷವೂ ಮೇಳದ ಪಾಲಿನ ಎಣ್ಣೆ ತೆಗೆದಿಟ್ಟ ಮೇಲೆಯೇ ಉಳಿದದ್ದು ಸಂತೆಗೆ ಹೋಯಿತಂತೆ.

ಆದರೆ ಹೊನ್ನವ್ವ ಮಾತ್ರ ಒಂದು ಮಜಲನ್ನೂ ಕೊನೆತನಕ ಕೇಳಿರಲಿಲ್ಲವಂತೆ. ಮೊದಲು ನಿಧಾನವಾಗಿ ಬಾರಿಸುವುದನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಗತಿ ಏರುವ ಹೊತ್ತಿಗೆ ಒಲೆ ಹೊತ್ತಿಸಬೇಕು, ಮುಗಿಯುವ ಹೊತ್ತಿಗೆ ರೊಟ್ಟಿ ಬಿಸಿಯಿರಬೇಕು. ಹಿತ್ತಲಿನ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದಿನಲ್ಲಿ ಉಳಿದದ್ದು ಕೇಳಿಸುತ್ತಿರಲಿಲ್ಲ. ಗಂಡ ಬಂದಾಗ ಕೇಳುತ್ತಿದ್ದಳು.

"ಹೆಂಗ ಮುಗೀತ್ರೀ?"

"ಚಲೋ ಮುಗೀತು."

"ಚಲೋ ಅಂದ್ರ ಹೆಂಗ?"

"ಏಳು ಮಂದಿ, ಒಂದ ಏಟು. ಆಮ್ಯಾಲೆ ಎಲ್ಲಾ ಸುಮ್ಮ."

"ನಿಮ್ಮನ್ನ ಕೇಳೂದಕಿಂತ ಗಾಣದ ಎತ್ತು ಕೇಳೂದು ಮೇಲು" ಎಂದು ನಗುತ್ತಿದ್ದಳಂತೆ.

ಒಂದು ಚಳಿಗಾಲ ಈರಸಂಗಪ್ಪ ತೀರಿಕೊಂಡ. ಮುಂದಿನ ಸೋಮವಾರವೂ ಹೊನ್ನವ್ವ ಒಲೆ ಹೊತ್ತಿಸಿದಳು, ರೊಟ್ಟಿ ಬಡಿದಳು. ಹೇಗೆ ಮುಗಿಯಿತೆಂದು ಯಾರನ್ನೂ ಕೇಳಲಿಲ್ಲ.

ವರ್ಷ ತುಂಬಿದ ಮೇಲೆ ಊರವರು ಅವಳಿಗೆ ಗೌರವ ಮಾಡಬೇಕೆಂದರಂತೆ. ಅಂಗಳದಲ್ಲಿ ಜಮಖಾನ ಹಾಸಿ, ಊರ ಗೌಡರ ಸಾಲಿನಲ್ಲೇ ಕೂರಿಸಿ, ಶಾಲು ಹೊದಿಸಿದರು. ರೊಟ್ಟಿಗೆ ನೆರೆಮನೆಯ ಸೊಸೆಯಂದಿರನ್ನು ಕೂರಿಸಿದರು. ಇವತ್ತಾದರೂ ಆ ಕೊನೆಯ ಏಟು ಕೇಳುತ್ತೇನೆಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳಂತೆ. ಗತಿ ಏರಿತು. ಅಷ್ಟರಲ್ಲಿ ಹಿತ್ತಲಿನಿಂದ ರೊಟ್ಟಿ ಸೀದ ವಾಸನೆ. ತಡೆದಳು, ಮತ್ತೂ ತಡೆದಳು, ಎದ್ದೇಬಿಟ್ಟಳು. ಶಾಲನ್ನು ಗೂಟಕ್ಕೆ ಹಾಕಿ, ಸೊಸೆಯಂದಿರನ್ನು ಸರಿಸಿ, ಒಲೆಯ ಮುಂದೆ ಕೂತಳು.

ಮೇಳದ ಹಿರಿಯ ದುಂಡಪ್ಪ ಬಾರಿಸುತ್ತಲೇ ಅವಳ ಹಿಂದೆ ಹೆಜ್ಜೆ ಹಾಕಿದ. ಉಳಿದವರೂ ಬಾರಿಸುತ್ತ ಬಂದು, ಹಿತ್ತಲಿನಲ್ಲಿ ಒಲೆಗೆ ಮುಖ ಮಾಡಿ ನಿಂತರು.

ಗೌಡರು ಕೂತಲ್ಲಿಂದಲೇ ಕೂಗಿದರಂತೆ. "ದುಂಡ್ಯಾ, ನನಗ ಬೆನ್ನ ತೋರಸ್ತೀ ಏನೋ?"

"ಉಣ್ಣೂದಿದ್ರ ನೀವೂ ಇತ್ತಾಗ ಬರ್ರಿ, ಗೌಡ್ರ."

ಗೌಡರೂ ಬಂದರಂತೆ. ಹಿಟ್ಟಿನ ಉಂಡೆ ಹೊನ್ನವ್ವನ ಕೈಯಲ್ಲೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗುತ್ತಿದ್ದರೂ ಅವಳು ತಿರುವಿಹಾಕಲಿಲ್ಲ. ಏಳು ಮಂದಿ, ಒಂದೇ ಏಟು. ಆಮೇಲೆ ಎಲ್ಲ ಸುಮ್ಮನಾಯಿತು.

"ಅವ್ರು ಖರೇನ ಹೇಳಿದ್ರು" ಎಂದಳಂತೆ.

ಈಗ ಆ ಗಾಣವಿಲ್ಲ, ಅಂಗಳವೂ ಇಲ್ಲ. ಆದರೆ ಆ ಊರಿನ ಮೇಳ ಎಲ್ಲಿಗೇ ಹೋಗಲಿ, ಮೊದಲ ಮಜಲನ್ನು ಅಡುಗೆಯ ಕಡೆ ಮುಖ ಮಾಡಿಯೇ ಬಾರಿಸುತ್ತದೆ. ಅದು ಮುಗಿಯುವ ತನಕ ಒಲೆಯ ಮುಂದಿನವರು ಕೈ ಆಡಿಸುವುದಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಗುತ್ತದೆ. ಅದನ್ನು ಯಾರೂ ಎಸೆಯುವುದಿಲ್ಲ. ಚೂರು ಚೂರು ಮುರಿದು, ಊರ ಹಿರಿಯರಿಂದ ಮೊದಲುಮಾಡಿ ಎಲ್ಲರಿಗೂ ಹಂಚುತ್ತಾರೆ.